ಬಣ್ಣ ಕಡೆಗೆ ಬರಲಿ: ಮೈಸೂರಿನ ಹಳೇ ಮನೆಯನ್ನು ಮಾರಾಟಕ್ಕೆ ಅಣಿ ಮಾಡುವ ಕ್ರಮ

ಮನೆ ಮಾರುವುದೆಂದು ತೀರ್ಮಾನವಾದ ಮರುದಿನವೇ ಪೇಂಟರಿಗೆ ಫೋನ್ ಹೋಗುವುದು ಮೈಸೂರಿನ ವಾಡಿಕೆ. ಹೊಸ ಬಣ್ಣ ಕಂಡರೆ ನಾಲ್ಕು ಲಕ್ಷ ಹೆಚ್ಚಿಗೆ ಬರುತ್ತದೆ ಎಂಬ ನಂಬಿಕೆ. ಹಳೇ ಮನೆ ನೋಡಲು ಬರುವವರು ಮಾತ್ರ ಹಸಿ ಬಣ್ಣದ ವಾಸನೆ ಬಡಿದೊಡನೆ ಗೋಡೆಯ ಬುಡಕ್ಕೆ ಬಗ್ಗುತ್ತಾರೆ, ಏನನ್ನು ಮುಚ್ಚಿದ್ದಾರೋ ಎಂದು. ಅವರ ಜೊತೆಗೆ ಬರುವ ಮೇಸ್ತ್ರಿ ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತಾನೆ. ಅಲ್ಲಿಂದ ಚೌಕಾಸಿ ಶುರು.

ಹಳೇ ಮನೆಯ ಬೆಲೆಯನ್ನು ಕೆಳಗೆಳೆಯುವುದು ಅನುಮಾನ. ಅದು ಎರಡು ಕಡೆಯಿಂದ ಬರುತ್ತದೆ: ಕಾಗದದಿಂದ ಮತ್ತು ನೀರಿನಿಂದ. ಈ ಎರಡನ್ನೂ ಮೊದಲೇ ಬಿಚ್ಚಿ, ಸರಿಮಾಡಿ, ಸರಿಮಾಡಲಾಗದ್ದನ್ನು ಬಾಯಿಬಿಟ್ಟು ಹೇಳಿ ಮಾರುವ ಮನೆಗೆ ಒಳ್ಳೆಯ ಬೆಲೆಯೂ ಬರುತ್ತದೆ, ಕರಾರು ಮುರಿದುಬೀಳುವ ಸಂಭವವೂ ಕಡಿಮೆ.

ಅದಕ್ಕೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ನೀವು ಮಾರುತ್ತಿರುವುದು ಮನೆಯನ್ನೋ, ನಿವೇಶನವನ್ನೋ? ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಒಂಟಿಕೊಪ್ಪಲು, ಯಾದವಗಿರಿಯ ಕಡೆ 40×60, 50×80 ಅಡಿ ಜಾಗದಲ್ಲಿ ಒಂದೇ ಅಂತಸ್ತಿನ ಹಳೇ ಮನೆ ಇದ್ದರೆ, ಬರುವವರಲ್ಲಿ ಬಹಳ ಮಂದಿಯ ಕಣ್ಣು ನೆಲದ ಮೇಲೆ. ಅವರು ಮನೆಯನ್ನು ಕೆಡವಿ ಕಟ್ಟುವವರು. ಕುವೆಂಪುನಗರ, ರಾಮಕೃಷ್ಣನಗರ, ಜೆ.ಪಿ. ನಗರದ 30×40ರ ಮನೆಯಾದರೆ ವಾಸಕ್ಕೋ ಬಾಡಿಗೆಗೋ ಕೊಳ್ಳುವವರು ಹೆಚ್ಚು. ಬ್ಯಾಂಕಿಗೆ ಮೌಲ್ಯಮಾಪನ ಮಾಡಿಕೊಡುವ ಎಂಜಿನಿಯರ್ ಒಬ್ಬರನ್ನು ಕರೆಸಿ ನಿವೇಶನದ ಬೆಲೆ, ಕಟ್ಟಡದ ಬೆಲೆ ಬೇರೆ ಬೇರೆ ಬರೆಸಿಕೊಳ್ಳಿ. ಅವರು ಇಂದು ಅಂಥದ್ದೇ ಕಟ್ಟಡ ಕಟ್ಟಲು ತಗಲುವ ಖರ್ಚಿನಿಂದ ವಯಸ್ಸಿನ ಸವಕಳಿ ಕಳೆಯುತ್ತಾರೆ. ಆರ್‌ಸಿಸಿ ಮನೆಗೆ ಸಾಮಾನ್ಯವಾಗಿ 60 ವರ್ಷದ ಆಸುಪಾಸು ಆಯಸ್ಸು ಹಿಡಿಯುವುದರಿಂದ 45 ವರ್ಷದ ಮನೆಗೆ ಉಳಿಯುವುದು ಕಾಲು ಭಾಗ. ಕಟ್ಟಡದ ಪಾಲು ಒಟ್ಟು ಬೆಲೆಯ ಹತ್ತರಲ್ಲೊಂದಕ್ಕಿಂತ ಕಡಿಮೆ ಬಂದರೆ ಗೋಡೆಗೆ ದುಡ್ಡು ಸುರಿಯಬೇಡಿ. ಕಾಗದ ಸರಿಮಾಡಿ, ಮನೆ ಖಾಲಿ ಮಾಡಿ, ಜಾಗ ಅಳೆಸಿ, ಅಷ್ಟೇ ಸಾಕು. ಮುಂದೆ ತೇವ, ತಾರಸಿ, ಬಣ್ಣದ ಬಗ್ಗೆ ಬರುವುದೆಲ್ಲ ವಾಸಕ್ಕೆ ಮಾರುವವರಿಗೆ.

ಕಾಗದದ ಕಟ್ಟು

ಮೈಸೂರಿನ ಹಳೇ ಬಡಾವಣೆಗಳ ಕಾಗದಕ್ಕೆ ಉದ್ದನೆಯ ವಂಶಾವಳಿ ಇದೆ. 1903ರಲ್ಲಿ ಶುರುವಾದ ನಗರ ಸುಧಾರಣಾ ಟ್ರಸ್ಟ್ ಮಂಡಳಿ, ಅಂದರೆ ಹಿರಿಯರ ಬಾಯಲ್ಲಿ ಸಿಐಟಿಬಿ, 1988ರಲ್ಲಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಮುಡಾ ಆಯಿತು. ಈಗ ಅದು ಮೈಸೂರು ಅಭಿವೃದ್ಧಿ ಪ್ರಾಧಿಕಾರ. ಹಂಚಿಕೆಯಾದ ನಿವೇಶನಕ್ಕೆ ಮೊದಲು ಹಂಚಿಕೆ ಪತ್ರ, ಸ್ವಾಧೀನ ಪತ್ರ, ಗುತ್ತಿಗೆ ಮತ್ತು ಮಾರಾಟದ ಕರಾರು. ಗುತ್ತಿಗೆ ಅವಧಿ ಮುಗಿದ ಮೇಲೆ ಶುದ್ಧ ಕ್ರಯಪತ್ರ. ಕೆಲವು ಮನೆಗಳಲ್ಲಿ ಈ ಕೊನೆಯ ಪತ್ರವೇ ಇರುವುದಿಲ್ಲ. ಮನೆ ಕಟ್ಟಿಯಾಯಿತು, ಕಂದಾಯ ಕಟ್ಟುತ್ತಿದ್ದೇವೆ, ಇನ್ನೇನು ಎಂದು ಹಿರಿಯರು ಸುಮ್ಮನಾಗಿರುತ್ತಾರೆ. ಆ ಪತ್ರ ಇಲ್ಲದೆ ಮಾರುವ ಹಕ್ಕು ಪೂರ್ಣವಾಗುವುದಿಲ್ಲ, ಹಂಚಿಕೆದಾರರು ತೀರಿಹೋಗಿದ್ದರೆ ವಾರಸುದಾರರ ಹೆಸರಿಗೆ ಅದನ್ನು ಪಡೆಯಲು ತಿಂಗಳುಗಳೇ ಬೇಕು. ಮನೆ ಮಾರುವ ಕೆಲಸ ಇಲ್ಲಿಂದಲೇ ಶುರುವಾಗಬೇಕು.

ಆದ್ದರಿಂದ ಗುಜರಿಯವನನ್ನು ಕರೆಯುವ ಮೊದಲು ಅಟ್ಟದ ಮೇಲಿನ ಟ್ರಂಕು, ಬೀರುವಿನ ಲಾಕರು, ದೇವರಮನೆಯ ಗೂಡು ಎಲ್ಲ ಹುಡುಕಿ. ಮೂಲಪತ್ರ, ಕ್ರಯಪತ್ರ, ಮಂಜೂರಾದ ನಕ್ಷೆ, ಹಳೇ ಕಂದಾಯ ರಸೀದಿ, ನೀರಿನ ಸಂಪರ್ಕದ ಪತ್ರ, ವಿದ್ಯುತ್ ಸಂಪರ್ಕದ ಆರ್‌.ಆರ್. ನಂಬರಿನ ಮೊದಲ ಬಿಲ್ಲು, ಕೊಳವೆಬಾವಿಯ ರಸೀದಿ, ಯಾವುದನ್ನೂ ರದ್ದಿಗೆ ಹಾಕಬೇಡಿ. 1970ರ ಕಂದಾಯ ರಸೀದಿ ಹಳೇ ಮನೆ ನಂಬರನ್ನೂ ಹೊಸ ನಂಬರನ್ನೂ ಜೋಡಿಸುವ ಒಂದೇ ಕೊಂಡಿಯಾಗಿರಬಹುದು.

ಮೂಲ ಕ್ರಯಪತ್ರ ಸಿಗಲಿಲ್ಲವೆಂದರೆ ಗಾಬರಿ ಬೇಡ, ತಡವೂ ಬೇಡ. ಉಪನೋಂದಣಿ ಕಚೇರಿಯಿಂದ ದೃಢೀಕೃತ ನಕಲು, ಕಳೆದುಹೋದುದರ ಬಗ್ಗೆ ಪೊಲೀಸ್ ದೂರು, ಪತ್ರಿಕೆಯಲ್ಲಿ ತಿಳುವಳಿಕೆ ಪ್ರಕಟಣೆ, ಈ ಮೂರೂ ಒಟ್ಟಿಗಿರಬೇಕು. ಕೊಳ್ಳುವವರ ಬ್ಯಾಂಕು ಕೇಳಿದ ಮೇಲೆ ಮಾಡಿಸಲು ಹೊರಟರೆ ಪತ್ರ ಯಾರ ಬಳಿಯೋ ಒತ್ತೆ ಇದೆ ಎಂಬ ಗುಮಾನಿ ಹುಟ್ಟುತ್ತದೆ. ಮೊದಲೇ ಮಾಡಿಸಿ ಕಡತದಲ್ಲಿಟ್ಟರೆ ಅದೇ ಸಂಗತಿ ಮಾಮೂಲಾಗಿ ಕಾಣುತ್ತದೆ.

ಇ.ಸಿ., ಅಂದರೆ ಋಣಭಾರ ಪತ್ರ, 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಕಚೇರಿಯಲ್ಲಿ ಅರ್ಜಿ ಹಾಕಿ ಪುಸ್ತಕದಿಂದ ತೆಗೆಸಬೇಕು. ಬ್ಯಾಂಕಿನ ವಕೀಲರು ಸಾಮಾನ್ಯವಾಗಿ 30 ವರ್ಷದ್ದು ಕೇಳುತ್ತಾರೆ. ತೆಗೆಸಿದ ಮೇಲೆ ಒಂದೊಂದು ಸಾಲನ್ನೂ ಕೂತು ಓದಿ. ಎಂದೋ ತೀರಿಸಿದ ಗೃಹಸಾಲದ ಅಡಮಾನ ಅಲ್ಲಿ ಹಾಗೆಯೇ ನಿಂತಿರುವುದು ಅತಿ ಸಾಮಾನ್ಯ. ಸಾಲ ತೀರಿದರೂ ಅಡಮಾನದ ಬಿಡುಗಡೆ ನೋಂದಣಿಯಾಗದಿದ್ದರೆ ದಾಖಲೆಯ ಕಣ್ಣಿಗೆ ಸಾಲ ಇನ್ನೂ ಇದೆ. ಸಾಲ ಈಗ ತೀರಿಸುವವರಾದರೆ ಒಂದು ಅನುಕೂಲ: 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಪೂರ್ತಿ ತೀರುವಳಿಯಾದ 30 ದಿನದೊಳಗೆ ಬ್ಯಾಂಕು ಮೂಲಪತ್ರಗಳನ್ನು ಹಿಂದಿರುಗಿಸಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು. ಇನ್ನೊಂದು ಮಾತು, ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ನೋಂದಣಿಯಾಗದ ಹಳೇ ಕರಾರು, ಭೋಗ್ಯದ ಪತ್ರ ಅದರಲ್ಲಿ ಬರುವುದಿಲ್ಲ. ಮೈಸೂರಿನಲ್ಲಿ ಮಹಡಿ ಮನೆಯನ್ನು ಭೋಗ್ಯಕ್ಕೆ ಕೊಡುವುದು ಹೆಚ್ಚು. ಭೋಗ್ಯದವರಿಗೆ ಹಣ ಹಿಂದಿರುಗಿಸಿ, ಮನೆ ಬಿಡಿಸಿಕೊಂಡು, ಮೂಲ ಕರಾರಿನ ಮೇಲೆ ತೀರುವಳಿ ಬರೆಸಿಕೊಂಡ ಮೇಲೆಯೇ ಮಾರಾಟದ ಮಾತು.

ಚಕ್ಕುಬಂದಿಯನ್ನು ಕ್ರಯಪತ್ರ ಕೈಯಲ್ಲಿ ಹಿಡಿದು, ಮನೆಯ ನಾಲ್ಕೂ ಸುತ್ತ ನಡೆದು ನೋಡಬೇಕು. ಹಳೇ ಪತ್ರದಲ್ಲಿ ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಖಾಲಿ ನಿವೇಶನ ಎಂದಿರುತ್ತದೆ. ಪಕ್ಕದ ಮನೆ ಎರಡು ಸಲ ಕೈ ಬದಲಾಗಿದೆ, ಓಣಿ ರಸ್ತೆಯಾಗಿದೆ, ಖಾಲಿ ನಿವೇಶನದಲ್ಲಿ ಮೂರು ಮಹಡಿ ಎದ್ದಿದೆ. ಅಷ್ಟು ಬದಲಾವಣೆಗೆ ಯಾರೂ ತಕರಾರು ತೆಗೆಯುವುದಿಲ್ಲ. ದಿಕ್ಕೇ ಅದಲುಬದಲಾಗಿದ್ದರೆ, 40 ಅಡಿ ಎಂದಿರುವ ಕಡೆ ಟೇಪಿಗೆ ಮೂವತ್ತೊಂಬತ್ತೂವರೆ ಬಂದರೆ ಗಂಭೀರ. ಹಳೇ ಕಾಂಪೌಂಡು ಕಟ್ಟುವಾಗ ಅರ್ಧ ಅಡಿ ಆಚೀಚೆ ಹೋಗಿರುವುದು ಬೇಕಾದಷ್ಟು ಇದೆ. ಪತ್ರದಲ್ಲೇ ತಪ್ಪಿದ್ದರೆ ತಿದ್ದುಪಡಿ ಪತ್ರ ಬೇಕು, ಅದಕ್ಕೆ ಅಂದು ಮಾರಿದವರು ಅಥವಾ ಅವರ ವಾರಸುದಾರರೇ ಸಹಿ ಹಾಕಬೇಕು. ಅವರು ಎಲ್ಲಿದ್ದಾರೋ ಹುಡುಕಲು ಸಮಯ ಬೇಕೆಂದೇ ಈ ಕೆಲಸ ಮುಂದಿರಬೇಕು. ಲೈಸೆನ್ಸ್ ಇರುವ ಸರ್ವೇಯರಿಂದ ಅಳತೆ ನಕ್ಷೆ ಮಾಡಿಸಿಟ್ಟರೆ ಕೊಳ್ಳುವವರು ಟೇಪು ಹಿಡಿದು ಬಂದಾಗ ಮಾತಿಗೆ ಜಾಗವಿರುವುದಿಲ್ಲ.

2024ರ ಅಕ್ಟೋಬರಿನಿಂದ ಇ-ಖಾತೆ ಇಲ್ಲದೆ ನಗರದ ಆಸ್ತಿ ನೋಂದಣಿಯಾಗುವುದಿಲ್ಲ. ಇ-ಖಾತೆಯಲ್ಲಿ ಹೆಸರಿನ ಅಕ್ಷರ, ಅಳತೆ, ಕಟ್ಟಡದ ವಿಸ್ತೀರ್ಣ, ಫೋಟೊ ಎಲ್ಲವೂ ಕ್ರಯಪತ್ರಕ್ಕೆ ತಾಳೆಯಾಗಬೇಕು. ಆಧಾರ್‌ನಲ್ಲಿ ಒಂದು ಹೆಸರು, ಪತ್ರದಲ್ಲಿ ಊರಿನ ಹೆಸರು ಸೇರಿದ ಇನ್ನೊಂದು ಹೆಸರು ಇದ್ದರೆ ಈಗಲೇ ಸರಿಪಡಿಸಿ. ನಗರದ ಹೊರಗೆ, ಪಂಚಾಯಿತಿ ವ್ಯಾಪ್ತಿಯಲ್ಲಿ, ಮಂಡ್ಯದ ಕಡೆ ಗ್ರಾಮಠಾಣಾ ಮನೆಗಳಿಗೂ, ಪಂಚಾಯಿತಿ ಆಸ್ತಿಗಳ ಗಣಕ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಬೇಕು. ಅನಧಿಕೃತ ಆಸ್ತಿಗೆ ಕೊಡುವ 11ಬಿ ಇದ್ದರೆ ಬ್ಯಾಂಕುಗಳು ಸಾಲ ಕೊಡಲು ಹಿಂದೆಮುಂದೆ ನೋಡುತ್ತವೆ. ಸಾಲ ಸಿಗದ ಮನೆಗೆ ಕೊಳ್ಳುವವರು ಕಡಿಮೆ, ಬೆಲೆಯೂ ಕಡಿಮೆ.

ತಂದೆತಾಯಿ ಬಿಟ್ಟುಹೋದ ಮನೆಯಾದರೆ ವಂಶವೃಕ್ಷ, ಮರಣ ಪ್ರಮಾಣಪತ್ರ, ಪೌತಿ ಖಾತೆ (ತೀರಿಕೊಂಡವರಿಂದ ವಾರಸುದಾರರ ಹೆಸರಿಗೆ ಬದಲಾದ ಖಾತೆ) ಬೇಕು. ಇಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟು ಬರೆಯುವುದು ಹಿಂದಿನಿಂದ ಬಂದ ಕೆಟ್ಟ ರೂಢಿ. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ತಂದೆಯ ಸ್ವಂತ ಆಸ್ತಿಯಲ್ಲಿ ಉಯಿಲು ಇಲ್ಲದಿದ್ದರೆ ಮೊದಲಿನಿಂದಲೂ ಸಮಪಾಲು. ಅಕ್ಕತಂಗಿಯರ ಸಹಿ ಇಲ್ಲದ ಮಾರಾಟ ಕೊಳ್ಳುವವರ ತಲೆಗೆ ಮುಂದೊಂದು ದಿನ ದಾವೆಯಾಗಿ ಬರುತ್ತದೆ, ಬಲ್ಲ ವಕೀಲರು ಅಂಥ ಮನೆಯನ್ನು ಮುಟ್ಟಲು ಬಿಡುವುದಿಲ್ಲ. ಪಾಲು ಬೇಡವೆನ್ನುವವರಿಂದ ನೋಂದಾಯಿತ ಹಕ್ಕುಖುಲಾಸೆ ಪತ್ರ ಬೇಕು, ಬಾಯಿಮಾತು ನಡೆಯದು. ಪಾಲುದಾರರಲ್ಲಿ ಒಬ್ಬರು ವಿದೇಶದಲ್ಲಿದ್ದರೆ ಅಲ್ಲಿನ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಅಧಿಕಾರಪತ್ರ ತರಿಸಬೇಕು, ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಅವರ ಪಾಲಿನ ಹಣಕ್ಕೆ ಮೂಲದಲ್ಲೇ ಕಡಿತವಾಗುವ ತೆರಿಗೆಯೂ ಬಹಳ ಹೆಚ್ಚು. ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಆದಾಯ ತೆರಿಗೆ ಇಲಾಖೆಗೆ ವಾರಗಳ ಮೊದಲೇ ಅರ್ಜಿ ಹಾಕಬೇಕು. ಅಪ್ರಾಪ್ತ ವಯಸ್ಸಿನ ಮೊಮ್ಮಕ್ಕಳಿಗೆ ಮನೆಯಲ್ಲಿ ಪ್ರತ್ಯೇಕ ಪಾಲಿದ್ದರೆ ನ್ಯಾಯಾಲಯದ ಅನುಮತಿ.

ನೀರು ಎಲ್ಲಿಂದ ಬರುತ್ತಿದೆ

ಗೋಡೆಯ ಬುಡದಿಂದ ಎರಡು ಮೂರು ಅಡಿ ಎತ್ತರದವರೆಗೆ ಬಣ್ಣ ಚಕ್ಕೆ ಎದ್ದು, ಬೆರಳಾಡಿಸಿದರೆ ಬಿಳಿ ಉಪ್ಪಿನ ಪುಡಿ ಉದುರುತ್ತಿದ್ದರೆ ಅದು ನೆಲದಿಂದ ಏರುವ ತೇವ. ಹಳೇ ಮನೆಗಳ ಇಟ್ಟಿಗೆ ಗೋಡೆಗೆ ಸುಣ್ಣದ ಗಾರೆ, ಕೆಳಗೆ ತೇವ ತಡೆಯುವ ಪದರ ಇಲ್ಲ. ಕಟ್ಟಿದ ಕಾಲಕ್ಕೆ ಅದು ತೊಂದರೆ ಕೊಡುತ್ತಿರಲಿಲ್ಲ. ಸುಣ್ಣದ ಗಾರೆಗೂ ಸುಣ್ಣದ ಬಣ್ಣಕ್ಕೂ ಉಸಿರಾಟವಿತ್ತು, ಏರಿದ ತೇವ ಆರಿ ಹೋಗುತ್ತಿತ್ತು. ಆಮೇಲೆ ಯಾರೋ ಸಿಮೆಂಟ್ ಗಾರೆ ಮಾಡಿಸುತ್ತಾರೆ, ಪುಟ್ಟಿ ಎಳೆಸುತ್ತಾರೆ, ಮೇಲೆ ಎಮಲ್ಷನ್. ತೇವಕ್ಕೆ ಹೊರಬರಲು ದಾರಿಯಿಲ್ಲದೆ ಇನ್ನಷ್ಟು ಮೇಲೇರುತ್ತದೆ, ಉಪ್ಪು ಬಣ್ಣದ ಹಿಂದೆ ಹರಳುಗಟ್ಟಿ ಅದನ್ನು ನೂಕುತ್ತದೆ. ಗೋಡೆಗೆ ಎರಡಡಿ ಟೈಲ್ಸ್ ಹಚ್ಚಿ ಮುಚ್ಚಿದ ಮನೆಗಳಲ್ಲಿ ತೇವ ಟೈಲ್ಸಿನ ಮೇಲುಗಡೆ ಕಾಣಿಸಿಕೊಳ್ಳುವುದು ಇದಕ್ಕೇ.

ಗಾರೆ ಕೆಡಹುವ ಮೊದಲು ಕಾರಣ ಹುಡುಕಿ, ಮುಕ್ಕಾಲು ಪಾಲು ಅದು ಹೊರಗಿರುತ್ತದೆ. ಡಾಂಬರು ಮೇಲೆ ಡಾಂಬರು ಬಿದ್ದು ರಸ್ತೆ ಮನೆಯ ಅಂಗಳಕ್ಕಿಂತ ಎತ್ತರವಾಗಿರಬಹುದು, ಮಳೆನೀರು ಒಳಗೆ ಹರಿದು ಗೋಡೆಯ ಬುಡದಲ್ಲಿ ನಿಲ್ಲುತ್ತಿರಬಹುದು. ಗೋಡೆಗೆ ಒತ್ತಿಕೊಂಡೇ ಹೂವಿನ ಪಾತಿ ಇರಬಹುದು, ದಿನವೂ ಅದಕ್ಕೆ ಎರಡು ಬಿಂದಿಗೆ ನೀರು. ಟ್ಯಾಂಕು ತುಂಬಿದಾಗ ತೊಟ್ಟಿಕ್ಕುವ ಪೈಪು, ಗೋಡೆಯ ಆಚೆ ಬದಿಯ ಬಚ್ಚಲು, ಬಿರುಕು ಬಿಟ್ಟ ಒಳಚರಂಡಿ ಚೇಂಬರು, ಇವನ್ನೆಲ್ಲ ನೋಡಬೇಕು. ತೇವ ಗೋಡೆಯೊಳಗಿನದೋ, ಗಾಳಿಯ ಹಸಿಯೋ ಎಂಬ ಸಂಶಯವಿದ್ದರೆ ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ ನಾಲ್ಕೂ ಅಂಚಿಗೆ ಟೇಪು ಹಚ್ಚಿ ಎರಡು ದಿನ ಬಿಡಿ. ಹನಿ ಹಾಳೆಯ ಹಿಂಬದಿಯಲ್ಲಿ ಕೂತರೆ ಗೋಡೆಯ ತೇವ, ಮುಂಬದಿಯಲ್ಲಿ ಕೂತರೆ ಕೋಣೆಯ ಗಾಳಿಯದು. ಎರಡನೆಯದಕ್ಕೆ ಕಿಟಕಿ ತೆಗೆದಿಡುವುದೇ ಮದ್ದು. ವರ್ಷಗಟ್ಟಲೆ ಬೀಗ ಹಾಕಿದ ಮನೆಗಳಲ್ಲಿ ಇದೇ ಜಾಸ್ತಿ.

ಕಾರಣ ತೆಗೆದ ಮೇಲೆ, ತೇವದ ಗೆರೆಗಿಂತ ಒಂದೂವರೆ ಅಡಿ ಮೇಲಿನವರೆಗೆ ಗಾರೆ ಕೆಡಹಿಸಿ, ಇಟ್ಟಿಗೆಯ ಸಂದನ್ನು ಅರ್ಧ ಅಂಗುಲ ಕೆರೆಸಿ. ಉಪ್ಪನ್ನು ಒಣ ಬ್ರಶ್ಶಿನಿಂದಲೇ ಗುಡಿಸಬೇಕು, ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ. ಆಮೇಲೆ ಗೋಡೆಯನ್ನು ಹಾಗೇ ಬಿಡಿ. ಒಂಬತ್ತು ಅಂಗುಲದ ಗೋಡೆ ಆರಲು ಒಣಹವೆಯಲ್ಲೇ ಐದಾರು ವಾರ, ಹದಿಮೂರೂವರೆ ಅಂಗುಲದ್ದು ಇನ್ನೂ ಹೆಚ್ಚು. ಇಲ್ಲೇ ಎಲ್ಲರೂ ಅವಸರ ಬೀಳುವುದು, ಹದಿನೈದನೇ ದಿನ ಪುಟ್ಟಿ ಎಳೆಸಿ ಮುಂದಿನ ಮಳೆಗೆ ಎಲ್ಲ ಕಳಚಿಸಿಕೊಳ್ಳುವುದು. ಆರಿದ ಗೋಡೆಗೆ ಒಂದು ಪಾಲು ಸಿಮೆಂಟ್, ಎರಡು ಪಾಲು ಸುಣ್ಣ, ಒಂಬತ್ತು ಪಾಲು ಮರಳಿನ ಮೆದು ಗಾರೆ ಸಾಕು. ಅದರ ಮೇಲೆ ಸುಣ್ಣವೋ ಉಸಿರಾಡುವ ಬಣ್ಣವೋ, ಎಮಲ್ಷನ್ ಬೇಡ.

ತಾರಸಿಯ ಪರೀಕ್ಷೆ ಸುಲಭ, ಎಚ್ಚರಿಕೆ ಮಾತ್ರ ಬೇಕು. ಆರ್‌ಸಿಸಿ ತಾರಸಿಯಾದರೆ ನೀರು ಹೋಗುವ ಕಿಂಡಿಗಳನ್ನು ಬಟ್ಟೆ, ಮರಳಿನ ಚೀಲದಿಂದ ಮುಚ್ಚಿ ಎರಡು ಅಂಗುಲ ನೀರು ಕಟ್ಟಿ 24 ಗಂಟೆ ಬಿಟ್ಟು ಕೆಳಗಿನ ಸೂರು ನೋಡಿ. 600 ಚದರ ಅಡಿಯ ತಾರಸಿಯಲ್ಲಿ ಎರಡು ಅಂಗುಲ ನೀರೆಂದರೆ ಸುಮಾರು 2,800 ಲೀಟರ್, ಅಷ್ಟೇ ಕಿಲೋ ಭಾರ. ಮರದ ತೊಲೆಯ ಮೇಲೆ ಇಟ್ಟಿಗೆ ಕೂರಿಸಿ ಸುಣ್ಣದ ಜಲ್ಲಿ ಹಾಕಿದ ಮದರಾಸು ತಾರಸಿಯ ಮೇಲೆ ಈ ಪರೀಕ್ಷೆ ಮಾಡಲೇಬಾರದು. ಅಲ್ಲಿ ಗೋಡೆಯೊಳಗೆ ಹೊಕ್ಕ ತೊಲೆಯ ತುದಿಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ, ಮೆತ್ತಗೆ ಇಳಿದರೆ ಮರ ಕೊಳೆತಿದೆ ಅಥವಾ ಗೆದ್ದಲು ಹಿಡಿದಿದೆ. ಸೋರಿಕೆ ಬಹುಪಾಲು ತಾರಸಿಯ ನಡುವೆ ಇರುವುದಿಲ್ಲ, ಪ್ಯಾರಪೆಟ್ ಗೋಡೆ ತಾರಸಿಗೆ ಕೂಡುವ ಮೂಲೆಯಲ್ಲಿ, ಪೈಪು ಇಳಿಯುವ ತೂತಿನ ಸುತ್ತ, ಸೋಲಾರ್ ಹೀಟರಿನ ಕಾಲು ಕೂರಿಸಲು ಕೊರೆದ ಕಡೆ ಇರುತ್ತದೆ. ಇಡೀ ತಾರಸಿಗೆ ದುಬಾರಿ ಲೇಪನ ಬಳಿಸುವ ಮೊದಲು ಈ ಮೂರು ಕಡೆ ಸರಿಮಾಡಿಸಿ ಮತ್ತೆ ಪರೀಕ್ಷಿಸಿ.

1970, 80ರ ದಶಕದ ಆರ್‌ಸಿಸಿ ಮನೆಗಳಲ್ಲಿ ಬಚ್ಚಲ ಸೂರು ಮತ್ತು ಕಿಟಕಿಯ ಸಜ್ಜ ಉದುರುವುದು ಇನ್ನೊಂದು ರೋಗ. ವರ್ಷಗಳು ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಕಾಂಕ್ರೀಟಿನ ಕ್ಷಾರಗುಣ ಕುಗ್ಗಿಸುತ್ತದೆ, ಕಂಬಿಗಿದ್ದ ರಕ್ಷಣೆ ಹೋಗಿ ತುಕ್ಕು ಹಿಡಿಯುತ್ತದೆ, ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡಿ ಕಾಂಕ್ರೀಟನ್ನು ಒಡೆಯುತ್ತದೆ. ಸುತ್ತಿಗೆಯ ಹಿಡಿಯಿಂದ ಸೂರನ್ನು ತಟ್ಟುತ್ತ ಹೋಗಿ, ಡಬಡಬ ಎಂದ ಕಡೆ ಸೀಮೆಸುಣ್ಣದಿಂದ ಗೆರೆ ಹಾಕಿ. ಅಷ್ಟೂ ಸಡಿಲ ಭಾಗ ತೆಗೆಸಿ, ಕಂಬಿಯ ಹಿಂಬದಿಯೂ ಕಾಣುವಂತೆ ಬಿಡಿಸಿ, ತಂತಿ ಬ್ರಶ್ಶಿನಿಂದ ಹೊಳಪು ಬರುವವರೆಗೆ ಉಜ್ಜಿಸಿ, ತುಕ್ಕುನಿರೋಧಕ ಹಚ್ಚಿಸಿ, ಪಾಲಿಮರ್ ಸೇರಿದ ಗಾರೆಯನ್ನು ತೆಳು ತೆಳು ಪದರವಾಗಿ ಕಟ್ಟಿಸಿ ವಾರದವರೆಗೆ ನೀರುಣಿಸಬೇಕು. ಕಂಬಿಯೇ ಸವೆದು ಸಣ್ಣದಾಗಿದ್ದರೆ ಎಂಜಿನಿಯರ್ ನೋಡಲಿ. ಇದನ್ನು ಪಿಒಪಿ ಸೀಲಿಂಗ್ ಹಾಕಿ ಮರೆಮಾಡುವವರಿದ್ದಾರೆ. ಅದು ಮೋಸ, ಕೆಳಗೆ ಮಲಗುವವರ ತಲೆಯ ಪ್ರಶ್ನೆ.

ಸಂಪಿನ ಅಳತೆ ಹೇಳಲು ತಯಾರಿರಿ: ಉದ್ದ, ಅಗಲ, ಆಳವನ್ನು ಅಡಿಯಲ್ಲಿ ಗುಣಿಸಿ 28.3ರಿಂದ ಗುಣಿಸಿದರೆ ಲೀಟರ್. 6×5×5 ಅಡಿಯದು ಸುಮಾರು 4,200 ಲೀಟರ್ ಹಿಡಿಯುತ್ತದೆ. ತೊಳೆಸಿ ತುಂಬಿಸಿ, ವಾಲ್ವ್ ಮುಚ್ಚಿ, ಗೋಡೆಗೆ ಗೆರೆ ಎಳೆದು ಮರುದಿನ ನೋಡಿ. ಗೆರೆಯಿಂದ ನೀರು ಇಳಿದಿದ್ದರೆ ಸೋರಿಕೆ, ಅದೇ ನೀರು ಪಕ್ಕದ ಗೋಡೆಯ ತೇವಕ್ಕೆ ಕಾರಣವಾಗಿರಲೂಬಹುದು.

ಗೆದ್ದಲಿಗೆ ಗೋಡೆ ನೆಲ ಕೂಡುವಲ್ಲಿ ಒಂದೊಂದಡಿಗೆ 12 ಮಿ.ಮೀ. ತೂತು ಕೊರೆದು ಔಷಧ ಇಳಿಸುತ್ತಾರೆ, ತೂತಿಗೆ ಒಂದು ಲೀಟರಿನವರೆಗೆ. ರೆಡ್ ಆಕ್ಸೈಡ್ ನೆಲದ ಮೇಲೆ ಕೊರೆದರೆ ಗುರುತು ಎಂದೂ ಹೋಗದು, ಆದ್ದರಿಂದ ಸಾಧ್ಯವಾದಷ್ಟು ಹೊರಗಿನಿಂದ ಮಾಡಿಸಿ. ಆ ನೆಲ ಇಂದು ಮನೆಯ ಆಸ್ತಿ. ಆ್ಯಸಿಡ್ ಹಾಕಿ ಉಜ್ಜಬೇಡಿ, ಸೋಪಿನ ನೀರಿನಲ್ಲಿ ಒರೆಸಿ, ಒಣಗಿದ ಮೇಲೆ ಮೇಣದ ಪಾಲಿಶ್ ಸಾಕು. ಬಿರುಕಿಗೆ ಸಿಮೆಂಟು ತುಂಬಿಸಿದರೆ ತೇಪೆ ಎದ್ದು ಕಾಣುತ್ತದೆ, ಹಾಗೇ ಬಿಡುವುದು ವಾಸಿ. ತೇಗದ ಬಾಗಿಲು, ಕಂಬಗಳಿಗೂ ಎನಾಮಲ್ ಬಳಿಯಬೇಡಿ.

ವಿದ್ಯುತ್ತಿನಲ್ಲಿ ಪಿಂಗಾಣಿ ಫ್ಯೂಸು, ಅಲ್ಯುಮಿನಿಯಂ ತಂತಿ ಇನ್ನೂ ಇದ್ದರೆ ಇಡೀ ಮನೆಗೆ ಹೊಸ ವೈರಿಂಗ್ ಮಾಡಿಸುವುದು ನಿಮಗೆ ಗಿಟ್ಟುವುದಿಲ್ಲ, ಕೊಳ್ಳುವವರು ತಮಗೆ ಬೇಕಾದ ಪಾಯಿಂಟುಗಳಿಗೆ ಹೇಗೂ ಗೋಡೆ ಕೊರೆಸುತ್ತಾರೆ. ಎಂಸಿಬಿ ಪೆಟ್ಟಿಗೆ, ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್, ಇಷ್ಟು ಹಾಕಿಸಿ ಉಳಿದದ್ದನ್ನು ಇದ್ದಂತೆ ಹೇಳಿ.

ತಿಂಗಳ ಲೆಕ್ಕ

ಮೈಸೂರಿಗೆ ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಮತ್ತೊಮ್ಮೆ ಜೋರು ಮಳೆ. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಮನೆ ಕೊಳ್ಳುವ ಕರಾರಿಗೆ ಬಹಳ ಜನ ಕೈ ಹಾಕುವುದಿಲ್ಲ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಕೆಲಸದ ಕ್ರಮ ತಾನಾಗಿ ಕೂಡುತ್ತದೆ. ಆಷಾಢದಲ್ಲಿ ಕಾಗದ ಹುಡುಕಿ ಇ.ಸಿ.ಗೆ ಅರ್ಜಿ. ದಸರಾ ಮುಗಿದು ಮಳೆ ನಿಂತೊಡನೆ ಸೂರಿನ ಕಲೆ, ಗೋಡೆಯ ತೇವ ಹಸಿಯಾಗಿರುವಾಗಲೇ ಫೋಟೊ ತೆಗೆದು ಗುರುತು ಹಾಕುವುದು. ಧನುರ್ಮಾಸದಲ್ಲಿ ಗಾರೆ ಕೆಡಹುವುದು, ಸಂಕ್ರಾಂತಿಯಿಂದ ಫೆಬ್ರವರಿ ಕೊನೆಯವರೆಗೆ ಗೋಡೆ ಆರುವುದು, ಮಾರ್ಚಿನಲ್ಲಿ ಬಣ್ಣ, ಯುಗಾದಿಯಿಂದ ಅಕ್ಷಯ ತೃತೀಯದವರೆಗೆ ಮನೆ ತೋರಿಸುವುದು. ಅಷ್ಟು ಸಮಯವಿಲ್ಲದವರು ಗಾರೆ ಕೆಡಹದೆ, ತೇವವನ್ನು ತೋರಿಸಿಯೇ ಮಾರುವುದು ಒಳ್ಳೆಯದು.

ಬಣ್ಣಕ್ಕೆ ಬಂದರೆ ತಿಳಿಬಿಳುಪು ಅಥವಾ ತಿಳಿ ಕೆನೆ, ಇಡೀ ಮನೆಗೆ ಒಂದೇ. ಹಳೇ ಸುಣ್ಣದ ಪದರಗಳನ್ನು ಪೂರ್ತಿ ಕೆರೆಸದೆ ಮೇಲೆ ಎಮಲ್ಷನ್ ಹೊಡೆದರೆ ಆರು ತಿಂಗಳಲ್ಲಿ ಹಾಳೆಯಂತೆ ಎದ್ದು ಬರುತ್ತದೆ. ಎರಡು ಕೋಟಿಂಗಿಗೆ ಒಂದು ಲೀಟರ್ ಒಳಾಂಗಣ ಎಮಲ್ಷನ್ 50ರಿಂದ 60 ಚದರ ಅಡಿ, 20 ಕಿಲೋ ಪುಟ್ಟಿ ಸುಮಾರು 200ರಿಂದ 300 ಚದರ ಅಡಿ ಎಂದು ಲೆಕ್ಕ ಹಾಕಿಕೊಂಡರೆ ಪೇಂಟರ್ ಹೇಳುವ ಡಬ್ಬದ ಎಣಿಕೆಯನ್ನು ತಾಳೆ ನೋಡಬಹುದು. ಸಣ್ಣ ಬಿರುಕಿಗೆ ಪುಟ್ಟಿ ತುಂಬುವ ಮೊದಲು ಅದರ ಎರಡು ತುದಿಗೂ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದಿಡಿ, ಮೂರು ತಿಂಗಳಲ್ಲಿ ಬಿರುಕು ಗೆರೆ ದಾಟದಿದ್ದರೆ ಅದು ನಿಂತ ಬಿರುಕು. ಆ ತಾರೀಖಿನ ಫೋಟೊ ಕೊಳ್ಳುವವರಿಗೆ ತೋರಿಸಲು ಇರಲಿ. ವಾಸ್ತುವಿನ ಹೆಸರಲ್ಲಿ ಬಾಗಿಲು ಒಡೆಸುವುದು, ಮೆಟ್ಟಿಲು ತಿರುಗಿಸುವುದು ಬೇಡ. ಬರುವ ಇಬ್ಬರು ವಾಸ್ತು ಹೇಳುವವರಲ್ಲಿ ಅಭಿಪ್ರಾಯ ಒಂದೇ ಇರುವುದಿಲ್ಲ. ಅಂಗಳದ ದೊಡ್ಡ ಮರಗಳನ್ನೂ ಕಡಿಸಬೇಡಿ. 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು, ಜೊತೆಗೆ ನೆರಳಿರುವ ಮನೆಯನ್ನು ಇಷ್ಟಪಡುವವರು ಈ ಊರಲ್ಲಿ ಇನ್ನೂ ಇದ್ದಾರೆ.

ಮನೆ ಖಾಲಿ ಮಾಡುವುದಕ್ಕೆ ಬಣ್ಣಕ್ಕಿಂತ ಹೆಚ್ಚು ಫಲವಿದೆ. ಅಟ್ಟ ತುಂಬಿದ ಪಾತ್ರೆ, ಮುರಿದ ಕುರ್ಚಿ, ಮಂಚದ ಕೆಳಗಿನ ಗಂಟುಗಳು ಹೋದರೆ ಹತ್ತು ಅಡಿಯ ಕೋಣೆ ಹತ್ತು ಅಡಿಯಾಗಿಯೇ ಕಾಣುತ್ತದೆ.

ದುಡ್ಡಿನ ಮಾತು

ಕೊಳ್ಳುವವರ ಜೇಬಿನ ಲೆಕ್ಕ ನಿಮಗೂ ತಿಳಿದಿರಬೇಕು. ನಗರದ ಮನೆಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು ಸರ್ಚಾರ್ಜು ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿದೆ. ಒಂದು ಕೋಟಿಯ ಮನೆಗೆ 7 ಲಕ್ಷ 60 ಸಾವಿರ ಅವರ ಕೈಯಿಂದ ಹೊರಗೆ ಹೋಗುತ್ತದೆ. ಇದರಿಂದಲೇ ಕಡಿಮೆ ತೋರಿಸೋಣ ಎಂಬ ಮಾತು ಬರುವುದು. ಒಪ್ಪಬೇಡಿ. ಸರ್ಕಾರ ನೋಂದಣಿಗೆ ಗೊತ್ತುಮಾಡಿದ ಮಾರ್ಗಸೂಚಿ ದರಕ್ಕಿಂತ ತೀರಾ ಕಡಿಮೆ ತೋರಿಸಿದರೆ ಆದಾಯ ತೆರಿಗೆಗೆ ಮಾರ್ಗಸೂಚಿ ದರವನ್ನೇ ನಿಮ್ಮ ಮಾರಾಟ ಬೆಲೆ ಎಂದು ಹಿಡಿಯುತ್ತಾರೆ. ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದಾಗಿ ಪಡೆದರೆ ಪಡೆದಷ್ಟೇ ದಂಡ ಬೀಳಬಹುದು. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಕೊಳ್ಳುವವರು ಶೇ 1 ಕಡಿದು ನಿಮ್ಮ ಪ್ಯಾನ್‌ಗೆ ಜಮಾ ಮಾಡುತ್ತಾರೆ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

2001ರ ಏಪ್ರಿಲ್ 1ಕ್ಕೂ ಹಿಂದಿನ ಮನೆಗೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಮೂಲ ಬೆಲೆಯಾಗಿ ಹಿಡಿಯಬಹುದು, ಆದರೆ ಆ ದಿನದ ಮಾರ್ಗಸೂಚಿ ದರವನ್ನು ಮೀರುವಂತಿಲ್ಲ. ನೋಂದಾಯಿತ ಮೌಲ್ಯಮಾಪಕರ ವರದಿಯನ್ನು ಮಾರುವ ಮೊದಲೇ ಮಾಡಿಸಿ, ಕೆಡವಿದ ಮೇಲೆ ಅಳೆಯಲು ಏನೂ ಉಳಿದಿರುವುದಿಲ್ಲ. 2024ರ ಜುಲೈ 23ಕ್ಕೂ ಮೊದಲು ಬಂದ ಮನೆಗೆ ಭಾರತದಲ್ಲಿ ವಾಸವಿರುವವರು ಹಣದುಬ್ಬರದ ಹೊಂದಾಣಿಕೆಯಿಲ್ಲದೆ ಶೇ 12.5 ಅಥವಾ ಹೊಂದಾಣಿಕೆಯೊಂದಿಗೆ ಶೇ 20, ಯಾವುದು ಕಡಿಮೆಯೋ ಅಷ್ಟು ಕಟ್ಟಬಹುದು. ಮಹಡಿ ಕಟ್ಟಿಸಿದ, ಕೋಣೆ ಸೇರಿಸಿದ ಖರ್ಚಿನ ಬಿಲ್ಲುಗಳಿಗೆ ಇಲ್ಲಿ ಬೆಲೆಯಿದೆ. ಮಾಮೂಲಿ ಸುಣ್ಣಬಣ್ಣದ ಬಿಲ್ಲಿಗೆ ಇಲ್ಲ.

ಕರಾರಿನಲ್ಲಿ ಮುಂಗಡ, ಬಾಕಿ, ಅವಧಿ ಜೊತೆಗೆ ಮನೆಯೊಂದಿಗೆ ಏನು ಹೋಗುತ್ತದೆ ಎಂಬ ಪಟ್ಟಿ ಬರೆಸಿ: ಸೋಲಾರ್ ಹೀಟರ್, ಮೋಟರ್, ಯುಪಿಎಸ್, ಗೋಡೆ ಬೀರು, ಜಗಲಿಯ ಕಂಬ, ದೇವರಮನೆಯ ಬಾಗಿಲು. ಒಳ್ಳೆಯ ಜಗಳಗಳೆಲ್ಲ ದೇವರಮನೆಯ ಬಾಗಿಲಿಗೇ ಆಗುವುದು, ಅದು ಬೇಕಿದ್ದರೆ ಮನೆ ತೋರಿಸುವ ಮೊದಲೇ ಬಿಚ್ಚಿಸಿ ಬೇರೆ ಬಾಗಿಲು ಕೂರಿಸಿ. ಗೊತ್ತಿರುವ ದೋಷಗಳನ್ನೂ ಅದೇ ಕರಾರಿನಲ್ಲಿ ಬರೆಸಿ, ಯಾವ ಗೋಡೆ, ಯಾವ ವರ್ಷ ರಿಪೇರಿ, ಏನು ಮಾಡಿಸಿದ್ದು ಎಂದು. ಬರೆದುಕೊಟ್ಟ ದೋಷಕ್ಕೆ ಆಮೇಲೆ ಯಾರೂ ನಿಮ್ಮನ್ನು ಹಿಡಿಯಲಾರರು.

ನೋಂದಣಿಯ ದಿನ ಬೆಳಿಗ್ಗೆ ಕರೆಂಟಿನ ಮೀಟರು, ನೀರಿನ ಮೀಟರು ಎರಡರ ಫೋಟೊ ತೆಗೆದು, ಅಂದಿನವರೆಗಿನ ಕಂದಾಯ, ನೀರು, ಕರೆಂಟಿನ ಬಾಕಿ ತೀರಿಸಿದ ರಸೀದಿಯೊಂದಿಗೆ ಎರಡು ಪ್ರತಿ ಮಾಡಿಸಿ ಇಬ್ಬರೂ ಸಹಿ ಹಾಕಿಕೊಳ್ಳಿ. ಖಾತೆ ಬದಲಾದರೂ ವಿದ್ಯುತ್ ಕಂಪನಿಯಾದ ಸೆಸ್ಕ್‌ನಲ್ಲಿ, ವಾಣಿ ವಿಲಾಸ ನೀರು ಸರಬರಾಜಿನಲ್ಲಿ ಹೆಸರು ತಾನಾಗಿ ಬದಲಾಗುವುದಿಲ್ಲ, ಅದಕ್ಕೆ ಬೇರೆ ಅರ್ಜಿ ಬೇಕು. ಆ ಅರ್ಜಿಗಳಿಗೂ ಕೀಲಿಕೈ ಕೊಡುವ ಹೊತ್ತಿಗೇ ಸಹಿ ಹಾಕಿಬಿಡಿ, ಇಲ್ಲವಾದರೆ ಮುಂದಿನ ಬಾಕಿಯ ನೋಟಿಸುಗಳು ನಿಮ್ಮ ಹೆಸರಿಗೇ ಬರುತ್ತಿರುತ್ತವೆ.